ಗ್ಯಾಸ್ ಕಂಪನಿಯ ಅಳಿಯ

ಮದ್ಯದ ವಿಷಯ ಬರೆಯುವವನಿಗೆ ಕುಡಿದ ಅನುಭವ ಇರಲೇಬೇಕು ಎಂದು ಯಾರಾದರೂ ಹಟ ಹಿಡಿದರೆ ನಾನು ಇಲ್ಲೇ ಪೆನ್ನು ಮುಚ್ಚಿ ತೋಟಕ್ಕೆ ಹೋಗಬೇಕಾಗುತ್ತದೆ. ನಮ್ಮ ಮನೆಯಲ್ಲಿ ಹುಳಿ ಬಂದು ಉಕ್ಕುವ ಪದಾರ್ಥವೆಂದರೆ ದೋಸೆ ಹಿಟ್ಟು ಒಂದೇ. ಸಂಸ್ಕೃತ ಪಾಠಶಾಲೆ ಇರುವ, ನಾಲ್ಕು ಜನ ಸೇರಿದರೆ ಕವಳದ ಬಟ್ಟಲು ಬಿಟ್ಟು ಬೇರೇನೂ ಸುತ್ತು ಬರದ ಉಮ್ಮಚಗಿಯಲ್ಲಿ ಕೂತು ಡ್ರಾಫ್ಟ್ ಬಿಯರಿನ ಗ್ಯಾಸ್ ಒತ್ತಡದ ಬಗ್ಗೆ ಬರೆಯುತ್ತೇನೆಂದರೆ ಅದಕ್ಕೆ ಹೊಣೆ ನಾನಲ್ಲ, ನನ್ನ ತಂಗಿಯ ಮಗ.

ಅಳಿಯ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದವ. ಪಬ್ಬುಗಳಲ್ಲಿ, ಮೈಕ್ರೋಬ್ರೂವರಿಗಳಲ್ಲಿ ಬಿಯರ್ ತುಂಬಿದ ಸ್ಟೀಲಿನ ಪೀಪಾಯಿ ಇರುತ್ತದಲ್ಲ, ಕೆಗ್ ಅನ್ನುತ್ತಾರೆ, 30 ಲೀಟರಿನದು, 50 ಲೀಟರಿನದು, ಅಲ್ಲಿಂದ ಕೌಂಟರಿನ ಮೇಲಿನ ನಲ್ಲಿಯ ತನಕ ಪೈಪು ಎಳೆಯುವುದು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸುವುದು, ಒತ್ತಡ ಹೊಂದಿಸುವುದು, ಹದಿನೈದು ದಿನಕ್ಕೊಮ್ಮೆ ಕಾಸ್ಟಿಕ್ ನೀರು ಹಾಯಿಸಿ ಪೈಪು ತೊಳೆಯುವುದು ಇವನ ಕೆಲಸ. ಸಂಬಳ ಚೆನ್ನಾಗಿದೆ. ಆದರೆ ಈ ಸಾಲನ್ನು ಹೀಗೇ ನಮ್ಮೂರ ಹೆಂಗಸರ ಮುಂದೆ ಹೇಳುವುದು ಹೇಗೆ? ತಂಗಿ ಎರಡು ದಿನ ಯೋಚನೆ ಮಾಡಿ ಒಂದು ಸತ್ಯವನ್ನು ಆರಿಸಿಕೊಂಡಳು: "ಮಾಣಿ ಗ್ಯಾಸ್ ಕಂಪನಿಲಿ ಇದ್ದ." ಸುಳ್ಳು ಎಳ್ಳಷ್ಟೂ ಇಲ್ಲ. ಸಿಲಿಂಡರ್ ಇದೆ, ರೆಗ್ಯುಲೇಟರ್ ಇದೆ, ಪಾನಾ ಇದೆ, ರಬ್ಬರ್ ಪೈಪಿದೆ. ಬಿಯರ್ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅವಳು ಹೇಳಿದ್ದಾಳೆ.

ಅದರ ಫಲವನ್ನು ಅವನು ಪ್ರತಿ ಚೌತಿಗೆ ಊರಿಗೆ ಬಂದಾಗ ಉಣ್ಣುತ್ತಾನೆ. ಜಗಲಿಯಲ್ಲಿ ಚೀಲ ಇಳಿಸುವ ಮೊದಲೇ ಒಬ್ಬರು ಹಾಜರು. "ತಮಾ, ಬುಕ್ ಮಾಡಿ ಇಪ್ಪತ್ತು ದಿನ ಆತು, ಸಿಲಿಂಡರ್ ಇನ್ನೂ ಬಂಜಿಲ್ಲೆ. ನಿಂಗ್ಳ ಕಂಪನಿಲಿ ಒಂದು ಮಾತು ಹೇಳು." ಇನ್ನೊಬ್ಬರಿಗೆ ಒಲೆಯ ಉರಿ ಕೆಂಪಗೆ ಬರುತ್ತದೆ. ಮತ್ತೊಬ್ಬರ ರೆಗ್ಯುಲೇಟರ್ ಕೂರುವುದಿಲ್ಲ. ಹುಡುಗನ ಗುಣ ನೋಡಿ, ತಾನು ಆ ಗ್ಯಾಸಿನವನಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಮನೆಮನೆಗೆ ಹೋಗಿ ಬರ್ನರ್ ಕಳಚಿ, ತೂತಿಗೆ ಸೂಜಿ ಹಾಕಿ ಸರಿಮಾಡಿ ಕೊಟ್ಟು, ಪ್ರತಿ ಮನೆಯಲ್ಲೂ ಚಹಾ ಕುಡಿದು ಬಂದ. ಸಂಜೆ ಹೊಟ್ಟೆಯೊಳಗೇ ಗ್ಯಾಸು.

ಅವನ ಪ್ರಕಾರ ಮನೆಯ ರೆಗ್ಯುಲೇಟರೂ ಪಬ್ಬಿನ ರೆಗ್ಯುಲೇಟರೂ ಒಂದೇ ಕುಲದವು, ಗೋತ್ರ ಮಾತ್ರ ಬೇರೆ. ಎರಡರ ಹೊಟ್ಟೆಯಲ್ಲೂ ಒಂದು ರಬ್ಬರಿನ ಪೊರೆ, ಡಯಾಫ್ರಂ. ಅದರ ಒಂದು ಮೈಗೆ ಸ್ಪ್ರಿಂಗ್ ಒತ್ತುತ್ತದೆ, ಇನ್ನೊಂದು ಮೈಗೆ ಗ್ಯಾಸು. ಹೊರಗೆ ಹೋಗುವ ಕಡೆ ಒತ್ತಡ ಕಡಿಮೆಯಾದರೆ ಸ್ಪ್ರಿಂಗ್ ಗೆದ್ದು ಬಾಯಿ ತೆರೆಯುತ್ತದೆ, ಹೆಚ್ಚಾದರೆ ಗ್ಯಾಸು ಗೆದ್ದು ಬಾಯಿ ಮುಚ್ಚುತ್ತದೆ. ಇಷ್ಟೇ ಜಗಳ, ಹಗಲೂ ರಾತ್ರಿ. ಅಡುಗೆಮನೆಯ 14.2 ಕಿಲೋ ಸಿಲಿಂಡರಿನೊಳಗೆ ಒತ್ತಡ ಚದರ ಸೆಂಟಿಮೀಟರಿಗೆ ಐದಾರು ಕಿಲೋ ಇರುತ್ತದಂತೆ. ಒಲೆಗೆ ತಲುಪುವಾಗ ಅದು 30 ಸೆಂಟಿಮೀಟರ್ ಎತ್ತರದ ನೀರು ತಳಕ್ಕೆ ಎಷ್ಟು ಒತ್ತುತ್ತದೋ ಅಷ್ಟಕ್ಕೆ ಇಳಿದಿರುತ್ತದೆ. ಅಷ್ಟು ದೊಡ್ಡ ಸಿಟ್ಟನ್ನು ಇಷ್ಟು ಸಣ್ಣ ಮುಷ್ಟಿಯಲ್ಲಿ ಹಿಡಿದಿಟ್ಟ ವಸ್ತುವನ್ನು ನಾವು ಬೆಂಕಿಪೆಟ್ಟಿಗೆಗೆ ಕೊಡುವಷ್ಟು ಗೌರವವನ್ನೂ ಕೊಡದೆ ತಿರುವುತ್ತೇವೆ. ಮನೆಯ ರೆಗ್ಯುಲೇಟರಿಗೆ ಒತ್ತಡ ಹೊಂದಿಸುವ ಸ್ಕ್ರೂ ನಮ್ಮ ಕೈಗೆ ಸಿಗದ ಹಾಗೆ ಮಾಡಿದ್ದಾರೆ. ಒಳ್ಳೆಯದೇ ಆಯಿತು, ಸಿಕ್ಕಿದ್ದರೆ ನಮ್ಮ ಓಣಿಯಲ್ಲಿ ಮನೆಗೊಂದು ಒತ್ತಡ ಇರುತ್ತಿತ್ತು. ಪಬ್ಬಿನದಕ್ಕೆ ಸ್ಕ್ರೂ ಇದೆ. "ಮಾವಾ, ಎಲ್ಲಾ ಗಲಾಟೆ ಆ ಸ್ಕ್ರೂ ಇರದ್ರಿಂದ್ಲೇಯಾ" ಎನ್ನುತ್ತಾನೆ.

ಪಬ್ಬಿನ ರೆಗ್ಯುಲೇಟರಿಗೆ ಎರಡು ಗಡಿಯಾರಗಳು. ಒಂದು ಸಿಲಿಂಡರಿನ ಒಳಗಿನ ಒತ್ತಡ ತೋರಿಸುವುದು, ಇನ್ನೊಂದು ಬಿಯರಿಗೆ ಹೋಗುವ ಒತ್ತಡ ತೋರಿಸುವುದು. ಮೊದಲನೆಯದು ದೊಡ್ಡ ಮೋಸಗಾರ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಾಗಿ ಕೂತಿರುವುದರಿಂದ, ಕೊನೆಯ ದ್ರವ ಆವಿಯಾಗುವ ತನಕ ಮುಳ್ಳು ಅಲ್ಲಾಡುವುದೇ ಇಲ್ಲ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ತೋರಿಸುತ್ತ ತುಂಬಿದ ಸಿಲಿಂಡರೂ, ಅರ್ಧ ಮುಗಿದ ಸಿಲಿಂಡರೂ ಒಂದೇ ಮುಖ ಮಾಡುತ್ತವೆ. ಆಮೇಲೆ ಒಮ್ಮೆಲೇ ಧೊಪ್ಪನೆ ಕೆಳಗೆ. ಶನಿವಾರ ರಾತ್ರಿಯೇ ಆಗುತ್ತದೆ ಎಂದು ಅಳಿಯನ ಸಿದ್ಧಾಂತ. ಆದ್ದರಿಂದ ಬಲ್ಲವರು ಮುಳ್ಳು ನೋಡುವುದಿಲ್ಲ, ತೂಕ ನೋಡುತ್ತಾರೆ. ನನ್ನ ಹೆಂಡತಿ ಇದನ್ನು ಕೇಳಿ, ಒದ್ದೆ ಬಟ್ಟೆ ಸುತ್ತಿ ತೆಗೆದು, ಸಿಲಿಂಡರಿನ ಮೇಲೆ ಯಾವ ಗೆರೆಯ ತನಕ ಪಸೆ ನಿಧಾನ ಆರುತ್ತದೆ ನೋಡಿದರೆ ಸಾಕಲ್ಲ ಎಂದಳು. ಅಳಿಯ ಎದ್ದು ನಿಂತು ಕೈಮುಗಿದ. ಅವರ ಕಡೆ ಇದಕ್ಕೇ ಬೇರೆ ಸಾಮಾನು ಮಾರುತ್ತಾರಂತೆ.

ಮೇಲಿನಮನೆಯ ಅಜ್ಜ ಅಲ್ಲಿಯತನಕ ಕವಳ ತುಂಬಿಕೊಂಡು ಸುಮ್ಮನಿದ್ದವರು, ಉಗುಳಿ ಬಂದು, ನಿಮ್ಮ ಆ ಬಿಯರಿಗೆ ಎಷ್ಟು ಒತ್ತಡ ಬೇಕು ಎಂದು ಕೇಳಿದರು. ಹಾಗೆ ಅಜ್ಜನ ಬಾಯಲ್ಲಿ ಬಿಯರ್ ಬಂದಾಗಲೇ ನನಗೆ ಗೊತ್ತಾದದ್ದು, ತಂಗಿಯ ಗುಟ್ಟು ಊರಿಗೆಲ್ಲ ಗೊತ್ತಿದೆ, ಅವಳಿಗೊಬ್ಬಳಿಗೆ ಬೇಸರವಾಗಬಾರದೆಂದು ಎಲ್ಲರೂ ಸಿಲಿಂಡರ್ ವಿಚಾರಿಸುತ್ತಿದ್ದಾರೆ ಎಂದು. ಇಂಥ ಸೌಜನ್ಯ ನಮ್ಮ ಕಡೆ ಇನ್ನೂ ಉಳಿದಿದೆ.

ಹನ್ನೆರಡು ಪೌಂಡು, ಅಂದ ಅಳಿಯ. ಚದರ ಅಂಗುಲಕ್ಕೆ ಹನ್ನೆರಡು ಪೌಂಡು. ಅಜ್ಜನಿಗೆ ಪೌಂಡು ಬೇಡ, ಗೋಬರ್ ಗ್ಯಾಸಿನ ಲೆಕ್ಕದಲ್ಲಿ ಹೇಳಬೇಕು.

ಇದು ಶಿರಸಿ-ಸಿದ್ದಾಪುರ-ಯಲ್ಲಾಪುರದವರಿಗೆ ಸಹಜವಾದ ಬೇಡಿಕೆ. ಸೊಪ್ಪಿನ ಬೆಟ್ಟ, ದರಕು, ಕಟ್ಟಿಗೆ, ಹೊಗೆ, ಕೆಮ್ಮು ಇವುಗಳ ನಡುವೆ ಬೆಳೆದ ನಮ್ಮ ಅಡುಗೆಮನೆಗಳಿಗೆ ಕೊಟ್ಟಿಗೆಯ ಸಗಣಿಯಿಂದ ನೀಲಿ ಉರಿ ಬಂದದ್ದು ಸಣ್ಣ ಸಂಗತಿಯಲ್ಲ. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ತಬ್ಬಿಕೊಂಡು ಅಪ್ಪಿಕೋ ಶುರು ಮಾಡಿದ ಸೀಮೆ ಇದು. ಮರ ತಬ್ಬಿದವರು ಮನೆಗೆ ಹೋಗಿ ಅನ್ನ ಬೇಯಿಸುವುದು ಹೇಗೆ ಎಂಬ ಪ್ರಶ್ನೆಗೆ ಸಗಣಿ ಗುಂಡಿ ಉತ್ತರ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ 2001ರಲ್ಲಿ ಶಿರಸಿಯ ಗೋಬರ್ ಗ್ಯಾಸಿನ ಯಶಸ್ಸಿನ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಅವರು ನೋಡಿದ ಹಳ್ಳಿಗಳಲ್ಲಿ ಸ್ಥಾವರಗಳೆಲ್ಲ ಉರಿಯುತ್ತಿದ್ದವು. ಬೇರೆ ಕಡೆ ಸಬ್ಸಿಡಿ ಮುಗಿದ ಮೇಲೆ ಗುಂಡಿಯಲ್ಲಿ ಕೆಸುವು ಬೆಳೆದದ್ದೇ ಹೆಚ್ಚು.

ಅಜ್ಜನ ಮನೆಯದು ಹಳೇ ಮಾದರಿ, ಕಬ್ಬಿಣದ ಡ್ರಮ್ಮು ಸಗಣಿ ನೀರಿನ ಮೇಲೆ ತೇಲುವಂಥದ್ದು. ಗ್ಯಾಸು ತುಂಬಿದ ಹಾಗೆ ಡ್ರಮ್ಮು ಏಳುತ್ತದೆ, ಉರಿಸಿದ ಹಾಗೆ ಇಳಿಯುತ್ತದೆ. ಡ್ರಮ್ಮಿನ ತೂಕವೇ ಒತ್ತಡ, ಹಾಗಾಗಿ ಅದು ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ: ಸುಮಾರು ಹತ್ತು ಸೆಂಟಿಮೀಟರ್ ನೀರಿನಷ್ಟು. ಆಮೇಲೆ 1984ರಲ್ಲಿ ದೀನಬಂಧು ಅಂತ ಇಟ್ಟಿಗೆಯ ಗುಮ್ಮಟದ ಮಾದರಿ ಬಂತು. ಕಬ್ಬಿಣ ಬೇಡ, ತುಕ್ಕು ಇಲ್ಲ, ಖರ್ಚು ಕಡಿಮೆ. ಎಲ್ಲ ಸರಿ. ಆದರೆ ಗುಮ್ಮಟದಲ್ಲಿ ಗ್ಯಾಸು ತುಂಬಿದ ಹಾಗೆ ಸಗಣಿ ನೀರನ್ನು ಹೊರಗಿನ ತೊಟ್ಟಿಗೆ ದಬ್ಬುತ್ತದೆ, ಆ ಮಟ್ಟದ ವ್ಯತ್ಯಾಸವೇ ಒತ್ತಡ. ಬೆಳಗಿನ ಜಾವ ಕಾವಲಿಯನ್ನೇ ಎತ್ತುವ ಉರಿ, ಮಧ್ಯಾಹ್ನದ ಸಾರಿಗೆ ಬರುವಾಗ ಮುನಿಸಿಕೊಂಡ ಉರಿ. ಅಲ್ಲಿ ರೆಗ್ಯುಲೇಟರ್ ಅಂದರೆ ಅತ್ತಿಗೆಯ ಕೈ. ನನ್ನ ಮತ ಡ್ರಮ್ಮಿಗೆ. ಗ್ಯಾಸು ಎಷ್ಟಿದೆ ಎಂದು ಅಂಗಳದಿಂದಲೇ ಕಾಣುವ ಯಂತ್ರ ಅದೊಂದೇ, ಇಂಥ ಪ್ರಾಮಾಣಿಕತೆ ಪಬ್ಬಿನ ಗಡಿಯಾರಕ್ಕೂ ಇಲ್ಲ.

ಹಬ್ಬದ ದಿನ, ದೊಡ್ಡ ಕೊಪ್ಪರಿಗೆ ಏರಿದಾಗ, ಅಜ್ಜ ಡ್ರಮ್ಮಿನ ಮೇಲೆ ಎರಡು ಕಲ್ಲು ಹೇರುವುದಿತ್ತು. ಕಲ್ಲು ಸಾಲದಿದ್ದರೆ ಮೊಮ್ಮಕ್ಕಳನ್ನು. ನಾನು ಅಲ್ಲೇ ಅಡಿಕೆ ಚೀಲದ ಮೇಲೆ ಲೆಕ್ಕ ಹಾಕಿದೆ. ಐದು ಅಡಿ ಅಗಲದ ಡ್ರಮ್ಮಿನ ಮೇಲೆ 70 ಕಿಲೋದ ಗಂಡಸು ಹತ್ತಿ ಕೂತರೆ ಒತ್ತಡ ಹೆಚ್ಚುವುದು ನಾಲ್ಕು ಸೆಂಟಿಮೀಟರ್ ನೀರಿನಷ್ಟು. ಬಿಯರಿಗೆ ಬೇಕಾದ ಹನ್ನೆರಡು ಪೌಂಡು ಅಂದರೆ ಎಂಟೂವರೆ ಮೀಟರ್ ನೀರು. ಅಜ್ಜನ ಡ್ರಮ್ಮಿನಿಂದಲೇ ಆ ಒತ್ತಡ ಬರಬೇಕಾದರೆ ಮೇಲೆ ಸುಮಾರು 15 ಟನ್ ಹೇರಬೇಕು. ದಾಂಡೇಲಿ ಕಾಡಿನ ಆನೆಗಳು ನಮ್ಮ ಕಡೆ ಗದ್ದೆಗೆ ಇಳಿಯುವುದಿದೆ. ಬೆಳೆದ ನಾಲ್ಕು ಆನೆಗಳು ಡ್ರಮ್ಮಿನ ಮೇಲೆ ಕೂರಲು ಒಪ್ಪಿದರೆ ಲೆಕ್ಕ ಸರಿಯಾಗುತ್ತದೆ. ಅಜ್ಜ ಸ್ವಲ್ಪ ಹೊತ್ತು ತಮ್ಮ ಕೊಟ್ಟಿಗೆಯ ಕಡೆ ನೋಡಿ, "ಹಾಂಗಾರೆ ಬೇಡ" ಎಂದರು.

ಆದರೆ ಇಷ್ಟು ಒತ್ತಡ ಬಿಯರನ್ನು ದಬ್ಬುವುದಕ್ಕೆ ಅಂತ ನಾನು ತಿಳಿದಿದ್ದೆ, ಎಲ್ಲರೂ ಹಾಗೇ ತಿಳಿಯುತ್ತಾರೆ. ದಬ್ಬುವುದು ಅದರ ಉಪಕಸುಬು. ಬಿಯರು ಬರುವಾಗಲೇ ತನ್ನೊಳಗೆ ಗ್ಯಾಸು ಕರಗಿಸಿಕೊಂಡು ಬರುತ್ತದೆ, ಒಂದು ಲೀಟರಿನಲ್ಲಿ ಸುಮಾರು ಎರಡೂವರೆ ಲೀಟರ್ ಗ್ಯಾಸು. ಅದಕ್ಕೆ ಹೊರಗೆ ಹಾರುವ ಆಸೆ. ಸಿಲಿಂಡರಿನ ಗ್ಯಾಸು ಮೇಲೆ ಕೂತು ಹಾರದಂತೆ ತಡೆಯುತ್ತದೆ. ದ್ರವದೊಳಗೆ ಎಷ್ಟು ಗ್ಯಾಸು ಕರಗುತ್ತದೆನ್ನುವುದು ಮೇಲಿನ ಒತ್ತಡಕ್ಕೆ ತಕ್ಕ ಹಾಗೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ್ದಾನೆ. ತಣ್ಣಗಿದ್ದರೆ ಹೆಚ್ಚು ಕರಗುತ್ತದೆ, ಬಿಸಿಯಾದರೆ ಬಿಟ್ಟುಹೋಗುತ್ತದೆ. ಮೂರು ಡಿಗ್ರಿ ತಂಪಿನಲ್ಲಿ ಹನ್ನೆರಡು ಪೌಂಡು ಇಟ್ಟರೆ ಒಳಗಿನದೂ ಹೊರಗಿನದೂ ಸಮಸಮ, ಯಾರೂ ಕದಲುವುದಿಲ್ಲ. ಎಂಟು ಡಿಗ್ರಿಗೆ ಏರಿತೋ, ಅದೇ ಸಮಾಧಾನಕ್ಕೆ ಹದಿನಾರು ಬೇಕು. ಇನ್ನೊಂದು ತಮಾಷೆ, ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎನ್ನುವುದನ್ನು ಮಾತ್ರ. ಬೆಂಗಳೂರು ಸಮುದ್ರದಿಂದ ಮೂರು ಸಾವಿರ ಅಡಿ ಮೇಲಿರುವುದರಿಂದ ಅಲ್ಲಿ ಗಾಳಿಯೇ ತೆಳು. ಮಂಗಳೂರಿನಲ್ಲಿ ಹನ್ನೆರಡಕ್ಕೆ ನಿಲ್ಲುವ ಮುಳ್ಳು ಬೆಂಗಳೂರಿನಲ್ಲಿ ಹದಿಮೂರೂವರೆಗೆ ನಿಲ್ಲಬೇಕು. ಘಟ್ಟ ಹತ್ತಿದವರ ಗರ್ವ ಎಂದು ಕರಾವಳಿಯ ನೆಂಟರು ಹೇಳುವುದುಂಟು. ಇದಕ್ಕೆ ಮಾತ್ರ ವಿಜ್ಞಾನದ ಆಧಾರವಿದೆ.

ಇಲ್ಲಿ ನನಗೊಂದು ಅಡ್ಡ ವಿಚಾರ ಬಂತು. ಬೆಂಗಳೂರಿಗೆ ಹೋಗುವ ಮೊದಲು ಅದನ್ನು ಹೇಳಿಬಿಡುತ್ತೇನೆ. ಕುಡಿಯದವರಾದ ನಾವು ಕುಡಿಯುವವರ ಋಣದಲ್ಲಿ ಕತ್ತಿನ ತನಕ ಮುಳುಗಿದ್ದೇವೆ.

ಅಜೀರ್ಣವಾದಾಗ ನಾವು ಕುಡಿಯುವ ಸೋಡಾವನ್ನೇ ತೆಗೆದುಕೊಳ್ಳಿ. ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ 1767ರಲ್ಲಿ ಇಂಗ್ಲೆಂಡಿನ ಲೀಡ್ಸಿಗೆ ಹೋದಾಗ ಅವನ ಬಿಡಾರದ ಪಕ್ಕದಲ್ಲೇ ಬಿಯರ್ ಮಾಡುವ ಮನೆ. ಹುದುಗುವ ತೊಟ್ಟಿಗಳ ಮೇಲೆ ಒಂದು ಥರದ ಗಾಳಿ ಹೆಪ್ಪುಗಟ್ಟಿದಂತೆ ನಿಲ್ಲುವುದನ್ನು, ಅದರೊಳಗೆ ಉರಿಯುವ ಕಡ್ಡಿ ಹಿಡಿದರೆ ಆರುವುದನ್ನು ಅವನು ನೋಡಿದ. ನಮ್ಮಲ್ಲಿ ಹಾಳು ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಾರಲ್ಲ, ಅದೇ ಗಾಳಿ. ಪ್ರೀಸ್ಟ್ಲಿ ಅದರ ಮೇಲೆ ನೀರು ಹಿಡಿದು, ಎರಡು ಪಾತ್ರೆಗಳಲ್ಲಿ ಹೊಯ್ದಾಡಿ, ಕುಡಿದು, ಚೆನ್ನಾಗಿದೆ ಎಂದುಕೊಂಡು, 1772ರಲ್ಲಿ ಮಾಡುವ ಕ್ರಮವನ್ನು ಅಚ್ಚು ಹಾಕಿಸಿದ. ಅದೇ ವರ್ಷಕ್ಕೆ ಸರಿಯಾಗಿ ನೂರು ವರ್ಷದ ಮೇಲೆ, 1872ರಲ್ಲಿ, ಹೈರಮ್ ಕಾಡ್ ಎಂಬವನು ಗೋಲಿ ಸೋಡಾ ಬಾಟಲಿಗೆ ಪೇಟೆಂಟ್ ಪಡೆದ. ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುವುದು ಒಳಗಿನ ಗ್ಯಾಸೇ. ಕಳ್ಳನ ಕೈಯಲ್ಲೇ ಬೀಗ. ನಮ್ಮ ಜಾತ್ರೆ, ಬಯಲಾಟ, ಬಸ್ ಸ್ಟ್ಯಾಂಡುಗಳೆಲ್ಲ ಆ "ಟುಸ್" ಶಬ್ದದಿಂದ ತುಂಬಿದ್ದವು, ಅದರ ಮೂಲ ಬಿಯರಿನ ತೊಟ್ಟಿ.

ಮುಂದೆ ತೋಟಕ್ಕೆ ಬನ್ನಿ. ಮಳೆಗಾಲದಲ್ಲಿ ಕೊಳೆ ರೋಗ ಬಂದರೆ ನಮ್ಮ ವರ್ಷದ ಅನ್ನ ನೆಲಕ್ಕೆ ಉದುರುತ್ತದೆ. ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ಮಾಡಿ ಹೊಡೆಯುತ್ತೇವೆ. ಬೋರ್ಡೋ ಅಂದರೆ ಫ್ರಾನ್ಸಿನ ವೈನಿನ ಸೀಮೆ. ಅಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಾರೆಂದು, ವಿಷದಂತೆ ಕಾಣಲಿ ಎಂದು ಮೈಲುತುತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ಹತ್ತದಿರುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಅದನ್ನು ಅಡಿಕೆಯ ಕೊಳೆಗೆ ಹೊಂದಿಸಿ ಕೊಟ್ಟವನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಅವನ ವರದಿ 1910ರದು. ಅದಕ್ಕೂ ಮೊದಲು ಗೊನೆಗೊನೆಗೆ ಕೊಟ್ಟೆ ಕಟ್ಟುವುದೇ ಗತಿಯಾಗಿತ್ತು. ಮನೆಯ ಫ್ರಿಜ್ಜೂ ಹಾಗೇ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಜರ್ಮನ್ ಪ್ರೊಫೆಸರು ತಂಪು ಮಾಡುವ ಯಂತ್ರ ಕಟ್ಟಿದ್ದು ಮ್ಯೂನಿಕ್ಕಿನ ಬಿಯರ್ ಮಾಡುವವರ ಒತ್ತಾಸೆಯಿಂದ. ನನ್ನ ಹೆಂಡತಿ ಅದರಲ್ಲಿ ತಂಬುಳಿ ಇಡುತ್ತಾಳೆ.

ಹೀಗೆ ಋಣಭಾರದಿಂದ ಬಾಗಿದವನಾಗಿ ಬೆಂಗಳೂರಿಗೆ ಹೋದಾಗ ಅಳಿಯನ ಜೊತೆ ಒಂದು ಪಬ್ಬಿಗೆ ಹೋದೆ. ಮುಂಬಾಗಿಲಿಂದಲ್ಲ, ಸಾಮಾನು ಇಳಿಸುವ ಹಿಂಬಾಗಿಲಿಂದ. ಮಠದ ಶಿಷ್ಯರು ನೋಡಿದರೆ ಎನ್ನುವ ಭಯ ನನಗಿರಲಿಲ್ಲ. ನೋಡಿದವರು ಅಲ್ಲೇನು ಮಾಡುತ್ತಿದ್ದರು ಎಂದು ನಾನೂ ಕೇಳಬಹುದಲ್ಲ.

ಕೋಲ್ಡ್ ರೂಮಿನ ಬಾಗಿಲಲ್ಲಿ ಗೋಡೆಗೆ ಒಂದು ಡಬ್ಬಿ, ಕಾರ್ಬನ್ ಡೈಆಕ್ಸೈಡ್ ಸೋರಿದರೆ ಕಿರುಚುವಂಥದ್ದು. ಆ ಗ್ಯಾಸು ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲಕ್ಕೆ ತುಂಬಿಕೊಂಡು ಮೇಲೇರುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ. ಈ ವಿಷಯದಲ್ಲಿ ಅಳಿಯ ತಮಾಷೆ ಮಾಡುವುದಿಲ್ಲ. ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟದ ಕಡೆ ಅವನು ಪಾನಾ ಹೊರಗೇ ತೆಗೆಯುವುದಿಲ್ಲ.

ಅಂದಿನ ತಕರಾರು ನೊರೆ. ಗ್ಲಾಸಿನಲ್ಲಿ ಮುಕ್ಕಾಲು ನೊರೆ, ಕಾಲು ಬಿಯರ್, ದುಡ್ಡು ಪೂರ್ತಿ. ಗಿರಾಕಿಗಳು ಕೂಗಾಡುತ್ತಿದ್ದರು. ಅಲ್ಲಿನ ಮ್ಯಾನೇಜರ್, ನೊರೆ ಹೆಚ್ಚಾಯಿತು ಅಂದರೆ ಒತ್ತಡ ಹೆಚ್ಚಾಯಿತು ಎಂದೇ ಅರ್ಥ ಮಾಡಿಕೊಂಡು ಸ್ಕ್ರೂ ಸಡಿಲ ಮಾಡಿದ್ದ. ನೊರೆ ಇನ್ನೂ ಹೆಚ್ಚಾಯಿತು. ಮತ್ತೂ ಸಡಿಲಿಸಿದ. ನಲ್ಲಿ ಕೆಮ್ಮತೊಡಗಿತು. ಯಾರು ನೋಡಿದರೂ ಇದು ಅನ್ಯಾಯ ಅನ್ನಿಸಬೇಕು. ಆದರೆ ಮೇಲೆ ಕೂತ ಕಾವಲುಗಾರ ಸಡಿಲವಾದರೆ ಒಳಗಿನ ಗ್ಯಾಸು ಪೈಪಿನಲ್ಲೇ ಎದ್ದು ಗುಳ್ಳೆಯಾಗುತ್ತದೆ. ಹೆಚ್ಚಿಸಿದರೂ ನೊರೆಯೇ, ಒಂದೆರಡು ದಿನ ಬಿಟ್ಟು, ಹೆಚ್ಚಿಗೆ ಗ್ಯಾಸು ಕರಗಿದ ಮೇಲೆ. ಎರಡೂ ಕಡೆ ಹೊಂಡ, ನಡುವೆ ಕಾಲುದಾರಿ.

ಅಳಿಯ ಸ್ಕ್ರೂ ಮುಟ್ಟಲಿಲ್ಲ. ಒಂದು ಗ್ಲಾಸು ಹಿಡಿದು, ಚೆಲ್ಲಿ, ಎರಡನೆಯದಕ್ಕೆ ಥರ್ಮಾಮೀಟರ್ ಇಳಿಬಿಟ್ಟ. ಎಂಟು ಡಿಗ್ರಿ. ಕೋಲ್ಡ್ ರೂಮಿನ ಬಾಗಿಲಿಗೆ ಯಾರೋ ಈರುಳ್ಳಿ ಚೀಲ ಅಡ್ಡ ಇಟ್ಟಿದ್ದರು. ಬಾಗಿಲು ಹಗಲಿಡೀ ಒಂದು ಗೇಣು ತೆರೆದಿತ್ತು. ಚೀಲ ತೆಗೆದ, ಬಾಗಿಲು ಹಾಕಿದ, ಮುಳ್ಳನ್ನು ಮೊದಲಿದ್ದಲ್ಲಿಗೆ ತಂದು, ಇನ್ನು ನಾಳೆ ಸಂಜೆಯ ತನಕ ಯಾರೂ ಕೈ ಹಾಕಬೇಡಿ ಎಂದ. ಐವತ್ತು ಲೀಟರ್ ಬಿಯರ್ ತಣ್ಣಗಾಗಲು ಸಮಯ ಬೇಕು. ಮ್ಯಾನೇಜರಿಗೆ ಇದು ಹಿಡಿಸಲಿಲ್ಲ. ಎಂಜಿನಿಯರ್ ಬಂದ ಮೇಲೆ ಏನಾದರೂ ತಿರುಗಿಸಬೇಕು, ಹೊಡೆಯಬೇಕು, ಬದಲಿಸಬೇಕು. ಈರುಳ್ಳಿ ಚೀಲ ಎತ್ತಿದ್ದಕ್ಕೆ ಬಿಲ್ಲು ಕೊಡುವುದು ಯಾರಿಗೆ ಇಷ್ಟ? ನಮ್ಮ ಕಡೆಯ ಹಳೇ ವೈದ್ಯರ ಕಷ್ಟವೂ ಇದೇ ಆಗಿತ್ತು, ಪಥ್ಯ ಹೇಳಿದರೆ ಯಾರೂ ದಕ್ಷಿಣೆ ಇಡುತ್ತಿರಲಿಲ್ಲ.

ಪೈಪನ್ನೂ ತೋರಿಸಿದ. ಕೌಂಟರಿನ ಹತ್ತಿರ ಕೊನೆಯ ಕೆಲವು ಅಡಿ ಮಾತ್ರ ಕಿರುಬೆರಳಿಗಿಂತ ಸಪೂರ, ಅಂಗುಲದ ಹದಿನಾರರಲ್ಲಿ ಮೂರು ಭಾಗ. ಅಂಥ ಪೈಪು ಅಡಿಗೆ ಎರಡು ಮೂರು ಪೌಂಡು ಒತ್ತಡ ತಿನ್ನುತ್ತದೆ. ಎತ್ತರಕ್ಕೆ ಏರಿದರೆ ಅಡಿಗೆ ಅರ್ಧ ಪೌಂಡಿನ ಹತ್ತಿರ ಮತ್ತೂ ಹೋಗುತ್ತದೆ. ನಲ್ಲಿಗೆ ಬರುವಾಗ ಹನ್ನೆರಡೂ ಖರ್ಚಾಗಿ, ಬಿಯರು ಅವಸರವಿಲ್ಲದೆ ಇಳಿಯಬೇಕು, ಅರ್ಧ ಲೀಟರಿನ ಗ್ಲಾಸು ತುಂಬಲು ಎಂಟು ಸೆಕೆಂಡು. ಒತ್ತಡ ಹೊಂದುವುದಿಲ್ಲ ಎಂದರೆ ಪೈಪು ಉದ್ದ ಮಾಡು, ಮುಳ್ಳು ತಿರುಗಿಸಬೇಡ. ಐರ್ಲೆಂಡಿನ ಗಿನ್ನೆಸ್ ಎಂಬ ಕಪ್ಪು ಬಿಯರಿಗೆ ಇನ್ನೊಂದೇ ಸಂಪ್ರದಾಯ. ಮುಕ್ಕಾಲು ಭಾಗ ನೈಟ್ರೋಜನ್, ಕಾಲು ಭಾಗ ಕಾರ್ಬನ್ ಡೈಆಕ್ಸೈಡ್, ಒತ್ತಡ ಮೂವತ್ತರ ಮೇಲೆ. ನೈಟ್ರೋಜನ್ ಸುಲಭಕ್ಕೆ ಕರಗದ ಪ್ರಾಣಿಯಾದ್ದರಿಂದ ಅಷ್ಟು ದಬ್ಬಿದರೂ ಕೆಡುವುದಿಲ್ಲ. ಅದರ ನೊರೆ ಬೆಣ್ಣೆ ಕಡೆದ ಹಾಗೆ ಸಣ್ಣದು. ನಾನು ನೋಡಿದೆ ಅಷ್ಟೆ. ನನಗೆ ಬರೀ ಕಾರ್ಬನ್ ಡೈಆಕ್ಸೈಡ್ ತುಂಬಿದ ಒಂದು ನಿಂಬೆ ಸೋಡಾ ಕೊಟ್ಟರು, ಅದಕ್ಕೂ ಬಿಯರಿನ ದರವೇ.

ಮುಂದೆ ಮದುವೆಯ ಮಾತು. ನಮ್ಮ ಹವ್ಯಕರಲ್ಲಿ ಗಂಡು ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವಾಗಿದೆ ಎಂದು ಎಲ್ಲರಿಗೂ ಗೊತ್ತು. ಸಿದ್ದಾಪುರದ ಕಡೆಯಿಂದ ಹುಡುಗಿಯ ಅಪ್ಪ ಮನೆ ನೋಡಲು ಬಂದರು. ತಂಗಿ ಗ್ಯಾಸ್ ಕಂಪನಿ ಎಂದಳು. ಅವರು ತಲೆ ತೂಗಿ, ತಮ್ಮ ಮನೆಯ ಗೋಬರ್ ಗ್ಯಾಸಿನ ಉರಿ 'ಭಗ್ ಭಗ್' ಎಂದು ಕುಣಿಯುತ್ತದಲ್ಲ ಯಾಕೆ ಎಂದು ಕೇಳಿದರು. ಪೈಪು ಎಲ್ಲಿಯೋ ತಗ್ಗಿದ್ದಲ್ಲಿ ನೀರು ನಿಂತಿರಬೇಕು, ಗ್ಯಾಸಿನ ಜೊತೆ ಬರುವ ಪಸೆ ತಣಿದು ಹನಿಯಾಗುತ್ತದೆ, ಅದನ್ನು ಬಸಿಯಿರಿ ಎಂದ ಅಳಿಯ. ಆಮೇಲೆ ಅವನೇ, ತಾಯಿಯ ಮುಖ ನೋಡದೆ, ನಾನು ಬಿಯರಿನ ನಲ್ಲಿ ನೋಡಿಕೊಳ್ಳುವವನು ಎಂದುಬಿಟ್ಟ. ತಂಗಿ ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸಪ್ಪಳ ಸ್ವಲ್ಪ ಜೋರಾಗಿಯೇ ಕೇಳಿಸಿತು.

"ನೀ ಕುಡಿತ್ಯನಾ?" ಎಂದರು ಅವರು.

"ರುಚಿ ನೋಡವು. ನುಂಗ್ತ್ನಿಲ್ಲೆ."

ಹುಡುಗಿಯ ಅಪ್ಪ ಅಡಿಕೆ ವ್ಯಾಪಾರದವರು. ದಿನಕ್ಕೆ ಐವತ್ತು ಚೀಲದ ಅಡಿಕೆ ಕಚ್ಚಿ ನೋಡಿ ಉಗುಳಿದ ಅನುಭವಸ್ಥರು. ಅವರಿಗೆ ಈ ಮಾತಿನಲ್ಲಿ ವಿಶೇಷವೇನೂ ಕಾಣಲಿಲ್ಲ. ವಾರದಲ್ಲಿ ಫೋನು ಬಂತು: ನೀರು ಬಸಿದರು, ಉರಿ ನೆಟ್ಟಗಾಯಿತು, ಮುಹೂರ್ತ ನೋಡಿ.

ಮದುವೆಗೆ ಮುರುಗಲು ಪಾನಕ ಮಾಡುವುದು ವಾಡಿಕೆ. ಅಳಿಯ ಅದನ್ನು ಕೆಗ್ಗಿಗೆ ತುಂಬಿ ಗ್ಯಾಸು ಕೊಟ್ಟು ನಲ್ಲಿಯಿಂದ ಇಳಿಸುತ್ತೇನೆ ಎಂದು ಹೊರಟ. ಹೊಸ ಕೆಗ್ಗು, ಹೊಸ ಪೈಪು. ಸೋಡಾಕ್ಕೆ ಬಿಯರಿಗಿಂತ ಗ್ಯಾಸು ಹೆಚ್ಚು ಬೇಕು, ಒತ್ತಡ 25ರ ಆಸುಪಾಸು, ಅದಕ್ಕೆ ತಕ್ಕ ಹಾಗೆ ಸಪೂರ ಪೈಪೂ ಉದ್ದ. ಬೇಸಿಗೆಯ ಚಪ್ಪರದಲ್ಲಿ ಹಾಗೇ ಇಟ್ಟರೆ ಎರಡು ಪಟ್ಟಿಗಿಂತ ಹೆಚ್ಚು ಬೇಕಾಗುತ್ತದೆ, ಆಮೇಲೆ ನಲ್ಲಿ ತೆರೆದವನ ಪಂಚೆ ಕೆಂಪು. ಹಾಗಾಗಿ ಹಿಂದಿನ ರಾತ್ರಿಯಿಂದಲೇ ಕೆಗ್ಗಿಗೆ ಮಂಜುಗಡ್ಡೆ ಸುತ್ತಿ, ಪೈಪಿನ ಸುರುಳಿಯನ್ನು ಐಸ್ ಪೆಟ್ಟಿಗೆಯಲ್ಲಿ ಮುಳುಗಿಸಿ ಇಟ್ಟ. ರೆಗ್ಯುಲೇಟರಿನ ಸ್ಕ್ರೂವಿಗೆ ಅಂಟುಪಟ್ಟಿ ಸುತ್ತಿ, ಮೇಲಿನಮನೆ ಅಜ್ಜನನ್ನು ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿದ. ಯಾರೂ ಹತ್ತಿರ ಸುಳಿಯಲಿಲ್ಲ. ಮುರುಗಲಿಗೆ ಬಿಯರಿನ ಹಾಗೆ ನೊರೆ ಹಿಡಿದು ನಿಲ್ಲಿಸುವ ಸತ್ವ ಇಲ್ಲ. ಲೋಟದಲ್ಲಿ ಗುಲಾಬಿ ನೊರೆ ಎದ್ದು, ನೋಡುವ ಹೊತ್ತಿಗೆ ಇಳಿದು, ಒಳಗೆ ಕೆಂಪು ಪಾನಕ ಚುರುಚುರು ಎನ್ನುತ್ತಿತ್ತು. ಹಾಲು ಕುಡಿಯುವ ಮಕ್ಕಳಿಂದ ಹಿಡಿದು ಎಲ್ಲರೂ ಸಾಲಿನಲ್ಲಿ.

ಹೋಮ ಮುಗಿಸಿ ಬಂದ ಭಟ್ಟರು ಒಂದು ಲೋಟ ಕುಡಿದು, ಖುಷಿಯಾಗಿ, ಆಮೇಲೆ ಏನೋ ನೆನಪಾದವರಂತೆ ನಿಂತರು.

"ತಮಾ, ಪೈಪು ಹೊಸತನಾ?"

"ಹೊಸತು ಭಟ್ರೇ."

"ಗ್ಯಾಸು ಎಲ್ಲಿಂದ ಬತ್ತು?"

ನನ್ನ ಅಳಿಯನಿಗೆ ಸುಳ್ಳು ಬರುವುದಿಲ್ಲ ಎಂಬುದು ಇಷ್ಟರಲ್ಲಿ ನಿಮಗೆ ತಿಳಿದಿರಬೇಕು. ಒಂದಿಷ್ಟು ರಸಗೊಬ್ಬರದ ಕಾರ್ಖಾನೆಯಿಂದ ಬರುತ್ತದೆ, ಒಂದಿಷ್ಟು ಡಿಸ್ಟಿಲರಿಯಿಂದ ಎಂದ. ಸಕ್ಕರೆ ಹುದುಗಿ ಸಾರಾಯಿ ಆಗುವಾಗ, 180 ಗ್ರಾಂ ಸಕ್ಕರೆಗೆ 92 ಗ್ರಾಂ ಸಾರಾಯಿ, 88 ಗ್ರಾಂ ಈ ಗ್ಯಾಸು. ಅದನ್ನು ಹಿಡಿದು, ತೊಳೆದು, ಶುದ್ಧ ಮಾಡಿ ಸಿಲಿಂಡರಿಗೆ ತುಂಬುತ್ತಾರೆ.

ಭಟ್ಟರು ಲೋಟವನ್ನು ನೋಡಿದರು. ಅಜ್ಜ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದರು.

"ಯಲ್ಲಾಪುರ ಬಸ್ ಸ್ಟ್ಯಾಂಡಿನ ಸೋಡಾಕ್ಕೂ ಇದೇ ಗ್ಯಾಸನಾ?"

"ಇದೇಯಾ."

ಭಟ್ಟರು ತಮ್ಮ ಐವತ್ತು ವರ್ಷದ ಅಜೀರ್ಣಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದ ಹಾಗೆ ಕಂಡಿತು. ಆಮೇಲೆ ಲೋಟ ಮುಂದೆ ಹಿಡಿದರು.

"ಹಾಂಗಾರೆ ಇನ್ನೊಂದು ಹಾಕು. ನೊರೆ ಬೇಡ."